ಹೊರಡುವ ಕಾಲವನ್ನು ಬಲ್ಲ ಪಕ್ಷಿ



ಸ್ವಸ್ಥಳವನ್ನು ಬಿಟ್ಟ ಮನುಷ್ಯನನ್ನು ಗೂಡು ಬಿಟ್ಟ ಹಕ್ಕಿಗೆ ಹೋಲಿಸುವ ಮಾತು ಜ್ಞಾನೋಕ್ತಿಗಳ 27ನೆಯ ಅಧ್ಯಾಯದಲ್ಲಿ ಇರುವದು. ಅಲೀಪುರದ ಸಮೀಪದ ಒಬ್ಬ ವಿಧವೆಯ ಮಗನು ಗೌರಿಬಿದನೂರಿನಲ್ಲಿ ರೈಲು ಹತ್ತಿ ಕೂಲಿಗಾಗಿ ಬೆಂಗಳೂರಿಗೆ ಹೋದಾಗ ನಾವು ಈ ಮಾತನ್ನೇ ಎತ್ತಿ ಆ ತಾಯಿಯ ಮುಂದೆ ಕಠಿಣವಾಗಿ ಬೋಧಿಸಿದೆವು. ಆಕೆಯು, "ಅಯ್ಯನವರೇ, ಕಾಳು ತೀರಿದರೆ ಹಕ್ಕಿಯು ಏನು ಮಾಡಬೇಕು?" ಎಂದು ಮಾತ್ರ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಯೆರೆಮೀಯನ 8ನೆಯ ಅಧ್ಯಾಯವನ್ನು ಆ ದಿನ ಮರೆತಿದ್ದೆವು. ಅಲ್ಲಿ ಪ್ರವಾದಿಯು ಹೊರಡುವ ಹಕ್ಕಿಯನ್ನು ಗದರಿಸುವದಿಲ್ಲ. ತನ್ನ ಕಾಲವನ್ನು ಬಲ್ಲ ಕೊಕ್ಕರೆಯನ್ನು ತೋರಿಸಿ ಜನರನ್ನೇ ನಾಚಿಸುತ್ತಾನೆ.

ನಮ್ಮ ಕರ್ನಾಟಕದಲ್ಲಿಯೇ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುವವು. ಈ ಜಾತಿಯವು ಮಂಗೋಲಿಯಾ, ಟಿಬೆಟ್ಟುಗಳ ಸರೋವರಗಳ ಬಳಿ ಮರಿಮಾಡಿ, ಹಿಮಾಲಯವನ್ನು ದಾಟುತ್ತವೆ. 7,000 ಮೀಟರಿಗೂ ಮೇಲೆ ಹಾರಿದ್ದುಂಟು. ಆದರೂ ಸುಮ್ಮನೆ ಎತ್ತರದಲ್ಲಿಯೇ ಉಳಿಯವು. ಬೆಟ್ಟ ಏರಿದಲ್ಲಿ ಏರುತ್ತಾ ಕಣಿವೆ ಇಳಿದಲ್ಲಿ ಇಳಿಯುತ್ತಾ ಬಲವನ್ನು ಉಳಿಸಿಕೊಳ್ಳುವವು. ಬೇಸಿಗೆಗೆ ಮುಂಚೆ ಹಿಂದಿರುಗುವವು.

ಹಸಿವೊಂದೇ ಹೊರಡಿಸುವದೆಂದು ಎಣಿಸಬೇಡಿರಿ. ವಲಸೆಯ ಜಾತಿಯ ಹಕ್ಕಿಯನ್ನು ಪಂಜರದಲ್ಲಿಟ್ಟು ಹೊಟ್ಟೆತುಂಬ ಕಾಳು ಹಾಕಿದರೂ, ಋತು ಬಂದಾಗ ಅದು ರಾತ್ರಿಯಲ್ಲಿ ರೆಕ್ಕೆ ಬಡಿಯುತ್ತಾ ತಾನು ಹೋಗಬೇಕಾದ ದಿಕ್ಕಿಗೇ ಹಾರಲೆತ್ನಿಸುವದನ್ನು ಪಂಡಿತರು ಕಂಡಿದ್ದಾರೆ. ನಾವು ಸೆಮಿನರಿಗೆ ಹೊರಟಾಗಲೂ ಮನೆಯಲ್ಲಿ ರಾಗಿ ಇತ್ತು. ತಂದೆಯವರು ತಡೆದರು, ನಾವು ನಿಲ್ಲಲಿಲ್ಲ. ಆದರೂ ನಮ್ಮನ್ನು ಅಲೆಮಾರಿಯೆಂದು ಯಾರೂ ಬೋಧಿಸಲಿಲ್ಲ!

ಅಲೀಪುರದ ಮುಸಲ್ಮಾನ ನೆರೆಯವರನ್ನು ನೋಡಿರಿ. ರತ್ನದ ಹರಳುಗಳ ವ್ಯಾಪಾರಕ್ಕಾಗಿ ದೂರ ಹೋದವರು ಅವರಲ್ಲಿ ಅನೇಕರು. ಮೊಹರಮ್ಮಿಗೆ ಊರಿಗೆ ಬರುವವರೂ ಉಂಟು. ದೂರ ಹೋದದ್ದರಿಂದ ಊರು ಅವರನ್ನು ಕಳೆದುಕೊಳ್ಳಲಿಲ್ಲ.

ಹೆಬ್ಬಾತಿನ ಮರಿಯು ಮೊದಲನೆಯ ವರುಷ ಒಂಟಿಯಾಗಿ ಹೊರಡುವದಿಲ್ಲ. ತಾಯಿತಂದೆಗಳ ಸಂಗಡ ಹಾರಿ ದಾರಿಯನ್ನು ಕಲಿಯುವದು. ನಾವಾದರೋ ಆ ಹುಡುಗನನ್ನು ಒಬ್ಬನನ್ನೇ ಹೋಗಗೊಡಿಸಿದೆವು. ಬೆಂಗಳೂರಿನ ಯಾವ ಸಭೆಗೂ ಒಂದು ಕಾಗದ ಬರೆಯಲಿಲ್ಲ. ಅವನು ಎಲ್ಲಿ ಮಲಗುವನು, ಯಾರ ಸಂಗಡ ಉಣ್ಣುವನು ಎಂದು ವಿಚಾರಿಸಲಿಲ್ಲ. ತಪ್ಪು ಅವನ ಹೊರಡುವಿಕೆಯಲ್ಲಿ ಅಲ್ಲ, ನಮ್ಮ ಸುಮ್ಮನಿರುವಿಕೆಯಲ್ಲಿ ಇತ್ತು.

ಕಳೆದ ಭಾನುವಾರ ಆರಾಧನೆಯಾದ ಮೇಲೆ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಬೇಡಿ, ಮಗನ ವಿಳಾಸವನ್ನು ಕೇಳಿದೆವು. ಆಕೆಯು ಮಾತಾಡದೆ ಒಳಗೆ ಹೋಗಿ, ನಾಲ್ಕು ಮಡಿಕೆಯ ಚೀಟಿಯೊಂದನ್ನು ತಂದುಕೊಟ್ಟಳು.