ಗಂಡನ ಹೊಲ, ಹೆಂಡತಿಯ ಮತ

ಬ್ರಿಟಿಷರ ಕಾಲದ ಮುಂಬಯಿ ವಿಧಾನಸಭೆಗೆ ಧಾರವಾಡ ಜಿಲ್ಲೆಯ ಹಳ್ಳಿಗಳಿಂದ ಸದಸ್ಯರನ್ನು ಆರಿಸಲು ಗ್ರಾಮೀಣ ಮತಕ್ಷೇತ್ರಗಳಿದ್ದವು. 1935ರ ಕಾಯ್ದೆಯಿಂದ ಹುಟ್ಟಿದ ಅವು ಕಂಡದ್ದು 1937 ಮತ್ತು 1946ರ ಎರಡೇ ಚುನಾವಣೆಗಳನ್ನು. ಮತ ಎಲ್ಲರಿಗೂ ಇರಲಿಲ್ಲ. ಓದುಬರಹ ಬಲ್ಲ ಹೆಣ್ಣಿಗೆ ಇತ್ತು. ಬಾರದವಳಿಗೆ ತನ್ನದೇ ಆಸ್ತಿ ಬೇಕು, ಇಲ್ಲವೆ ಸಾಕಷ್ಟು ಹೊಲವಿರುವ ಗಂಡ ಬೇಕು. ಕಳೆ ಕಿತ್ತವಳು ಅವಳಾದರೂ ಲೆಕ್ಕಕ್ಕೆ ಬಂದದ್ದು ಅವನ ಹೆಸರಿನ ಉತಾರ.

ಹೀಗೆ ಬಂದದ್ದನ್ನು ಹಕ್ಕು ಎನ್ನಬಹುದೆ? ಮತ ಹಾಕುವ ಗಳಿಗೆಯಲ್ಲಿ ಆಕೆ ಒಬ್ಬಳೇ, ಅಷ್ಟಾದರೂ ಅವಳದು ಎನ್ನೋಣ. ಆದರೆ ಹೊಲ ಸಾಲಕ್ಕೆ ಹೋದರೆ ಜೊತೆಗೆ ಮತವೂ ಹೋಗುವಂತಿದ್ದರೆ ಅದು ಅವಳದಾಗುವುದು ಹೇಗೆ?

1951-52ರಲ್ಲಿ ಪ್ರಾಯಕ್ಕೆ ಬಂದವರಿಗೆಲ್ಲ ಮತ ಬಂತು. ಆಗ ಬಹುಪಾಲು ಉತ್ತರದ ರಾಜ್ಯಗಳಲ್ಲಿ ಸುಮಾರು 28 ಲಕ್ಷ ಹೆಂಗಸರು ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅದನ್ನು ಒಪ್ಪಲಿಲ್ಲ. ಆ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಇದು ನಿಷ್ಠುರವೇ. ಹೆಸರು ಹೇಳಬಾರದೆಂದು ಕಲಿಸಿದವರು ಮತ ಹಾಕಿಬಂದರು, ಹೇಳಿದಂತೆ ಕೇಳಿದವಳು ಮನೆಯಲ್ಲುಳಿದಳು.

ಆದರೂ ನನಗೆ ಸೇನರೇ ಸರಿ ಎನಿಸುತ್ತದೆ. ಹಳೆಯ ಕಾಯ್ದೆಗೆ ಅವಳು ಯಾರ ಹೆಂಡತಿ ಎಂದು ಗೊತ್ತಾದರೆ ಸಾಕಿತ್ತು. ‘ನಿನ್ನ ಹೆಸರೇನಮ್ಮ?’ ಎಂದು ಸರಕಾರವೊಂದು ಕಾದು ನಿಂತು ಕೇಳಿದ್ದು, ಎಷ್ಟೋ ಮನೆಗಳಲ್ಲಿ, ಅದೇ ಮೊದಲು.