ಬೀಡಿಂಗ್ ಇಲ್ಲದ ಮೇಜು

ಚಂದ್ರಾ ಲೇಔಟ್‌ನಲ್ಲಿ ಬೆಳಿಗ್ಗೆ ಆರಕ್ಕೇ ಗರಗಸದ ಮೆಷೀನು ಹಾಕಿದರೆ ಅಕ್ಕಪಕ್ಕದವರು ಸುಮ್ಮನಿರುತ್ತಾರೆಯೇ? ಗೋಡೆಗೆ ಗೋಡೆ ತಾಗಿದ ಮೂವತ್ತು-ನಲವತ್ತರ ಸೈಟುಗಳು. ಒಂದು ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಪಕ್ಕದ ಮನೆಯಲ್ಲಿ ಲೆಕ್ಕ ಸಿಗುತ್ತದೆ. ಹಾಗಾಗಿ ಕಾರು ನಿಲ್ಲಿಸುವ ಜಾಗದಲ್ಲಿ ಬಡಗಿ ಕೆಲಸ ಹೂಡಿಕೊಂಡ ನನ್ನಂಥವರಿಗೆ ಬೆಳಗಿನ ಹೊತ್ತು ಹತ್ತರಿ ಮತ್ತು ಉಳಿಗೆ ಮೀಸಲು. ಹತ್ತರಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಕೈ ಅದರ ಪಾಡಿಗೆ ಅದು ನಡೆಯುತ್ತಿದ್ದರೆ ತಲೆಗೂ ಸ್ವಲ್ಪ ಬಿಡುವು.

ಈಚೆಗೆ ಮಾಡುತ್ತಿರುವುದು ಶೇಕರ್ ಶೈಲಿಯ ಸಣ್ಣ ಮೇಜುಗಳು. ನಾಲ್ಕು ಕಾಲು, ಅವನ್ನು ಸೇರಿಸುವ ನಾಲ್ಕು ಪಟ್ಟಿ, ಮೇಲೊಂದು ಹಲಗೆ. ಅಷ್ಟೇ. ಶೇಕರರೆಂದರೆ ಒಂದು ಕ್ರೈಸ್ತ ಪಂಥದವರು. ಮ್ಯಾಂಚೆಸ್ಟರಿನ ಕಮ್ಮಾರನ ಮಗಳು ಆನ್ ಲೀ ಕೆಲವೇ ಅನುಯಾಯಿಗಳನ್ನು ಕಟ್ಟಿಕೊಂಡು 1774ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಳು. ಆಸ್ತಿ ಎಲ್ಲರದು, ಗಂಡು-ಹೆಣ್ಣು ಸಮಾನ, ಮದುವೆ ಇಲ್ಲ. ಮಕ್ಕಳಿಲ್ಲದ ಪಂಥ ಕರಗಲೇಬೇಕಿತ್ತು, ಕರಗಿತು. ಈಗ ಮೇನ್ ರಾಜ್ಯದ ಸಬ್ಬತ್‌ಡೇ ಲೇಕ್‌ನಲ್ಲಿ ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ಅವರ ಮೇಜು-ಕುರ್ಚಿಗಳ ಮಾದರಿ ಮಾತ್ರ ಲೋಕವೆಲ್ಲ ಸುತ್ತುತ್ತಿದೆ. 1845ರ ಅವರ ಕಟ್ಟಳೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿದ್ದು: ಬರೀ ಶೋಕಿಗೆ ಮಾಡುವ ಬೀಡಿಂಗು, ಕಾರ್ನಿಸು ಪಂಥದವರಿಗೆ ಸಲ್ಲದು.

ಬೀಡಿಂಗ್ ಎಂದರೆ ನಮ್ಮ ಬಡಗಿಗಳಿಗೆ ಬರೀ ಅಲಂಕಾರವಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹಳೆ ಮರ ಹುಡುಕುವಾಗ ಪರಿಚಯವಾದ ಆಚಾರ್ರು ನನ್ನ ನಕ್ಷೆ ನೋಡಿ ನಕ್ಕರು. "ಡಿಸೈನ್ ಇದ್ರೆ ಸುಲಭ ಸಾರ್. ಸಂದು ಬಿಟ್ರೆ ಮೇಲೊಂದು ಬೀಡಿಂಗ್ ಹೊಡೀಬೋದು. ಇದ್ರಲ್ಲಿ ಎಲ್ಲಿ ಮುಚ್ಚಿಡ್ತೀರಾ?" ಮರದ ಹೊಟ್ಟಿಗೆ ಫೆವಿಕಾಲ್ ಕಲಸಿ ಸಂದಿಗೆ ಮೆತ್ತಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ ಪಾಲಿಶ್ ಹೊಡೆದರೆ ಎಂಥ ಸಂದೂ ಮಾಯ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಆದರೆ ಕಣ್ಣು ಕೀಲಿನ ಮೇಲೇ ನಿಲ್ಲುವಂಥ ಮೇಜಿನಲ್ಲಿ ಆ ಮೆತ್ತಿದ ಗೆರೆ ಎದ್ದು ಕಾಣುತ್ತದೆ. ಸರಳವಾದದ್ದಕ್ಕೆ ಕೆಲಸ ಕಡಿಮೆ ಅಂದುಕೊಂಡವರು ಇಂಥದ್ದೊಂದು ಮಾಡಿ ನೋಡಬೇಕು.

ಕಾಲನ್ನೇ ತೆಗೆದುಕೊಳ್ಳಿ. ತಲೆಯ ಕಡೆ ಒಂದೂವರೆ ಇಂಚು ಚೌಕ. ಪಟ್ಟಿ ಸೇರುವ ಜಾಗದವರೆಗೂ ಅಷ್ಟೇ ಗಾತ್ರ. ಅಲ್ಲಿ ತೂತು ಕೊರೆದು ಪಟ್ಟಿಯ ನಾಲಿಗೆ ಕೂರಿಸಬೇಕು, ಮರ ಬೇಕು. ಅದರ ಕೆಳಗೆ ಅಷ್ಟು ಮರದ ಅಗತ್ಯವಿಲ್ಲ. ಕಾಲು ಸಣ್ಣಗಾಗುತ್ತಾ ಬಂದು ಪಾದದಲ್ಲಿ ಮುಕ್ಕಾಲು ಇಂಚಿನ ಆಸುಪಾಸು ನಿಲ್ಲುತ್ತದೆ. ಜಾಣತನವೆಲ್ಲ ಇರುವುದು ಇಲ್ಲಿ: ಹೆರೆಯುವುದು ಒಳಗಿನ ಎರಡು ಮೈಗಳನ್ನು ಮಾತ್ರ. ಹೊರಗಿನ ಎರಡು ಮೈ ಮೇಲಿನಿಂದ ನೆಲದವರೆಗೆ ನೆಟ್ಟಗೆ. ಹೊರಗಡೆಯೂ ಹೆರೆದುಬಿಟ್ಟರೆ ಮೇಜು ಪಾದ ಒಳಕ್ಕೆ ತಿರುಗಿಸಿಕೊಂಡು ನಿಂತ ಮಗುವಿನ ಹಾಗೆ ಕಾಣುತ್ತದೆ. ಒಳಗಡೆ ಮಾತ್ರ ಹೆರೆದಾಗ ನೋಡಿದವರಿಗೆ ಹಗುರ ಅನ್ನಿಸುತ್ತದೆ, ಯಾಕೆಂದು ಥಟ್ಟನೆ ಹೊಳೆಯುವುದಿಲ್ಲ.

ನಾನು ಬಳಸುವುದು ರಾಜಾಜಿನಗರ, ವಿಜಯನಗರದ ಹಳೆ ಮನೆ ಕೆಡವಿದಾಗ ಸಿಗುವ ಕಿಟಕಿ ಚೌಕಟ್ಟಿನ ತೇಗ, ಸಿಕ್ಕರೆ ಹೊನ್ನೆ. ಮುರಿದ ಮೊಳೆ ಒಳಗೇ ಕೂತಿರುತ್ತದೆ. ಅಯಸ್ಕಾಂತ ಆಡಿಸಿ ನೋಡದೆ ಹತ್ತರಿ ಇಟ್ಟರೆ ಅಲಗಿನ ಗತಿ ಮುಗಿಯಿತು. ಪೆನ್ಸಿಲ್ ಗೆರೆ ಹತ್ತಿರವಾದಂತೆ ಅಲಗನ್ನು ಒಳಕ್ಕೆ ಎಳೆದುಕೊಳ್ಳುತ್ತೇನೆ, ಸುರುಳಿ ತೆಳುವಾಗುತ್ತದೆ. ಇನ್ನೊಂದೇ ಒಂದು ಸಲ ಎಂದು ಕೈ ತುಡಿಯುವುದು ಆಗಲೇ. ಹೆರೆದ ಮರ ಮರಳಿ ಬರುವುದಿಲ್ಲ.

ಬೇಕಾದಷ್ಟಕ್ಕೆ ನಿಲ್ಲಿಸುವ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಚೆಲ್ಲಿದ ಅಕ್ಕಿ ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದಳಂತೆ. ಶರಣರಲ್ಲಿ ಬಡಗಿಯೂ ಇದ್ದ, ಬಾಚಿ ಕಾಯಕದ ಬಸವಯ್ಯ. ಅವನ ಹೆಂಡತಿ ಕಾಳವ್ವೆಯೂ ವಚನ ಬರೆದವಳು. ಶೇಕರರಂತೆ ಸಂಸಾರ ಬಿಟ್ಟವರಲ್ಲ ಇವರು. ಗಂಡ ಹೆಂಡತಿ ಒಂದೇ ಸೂರಿನಡಿ ದುಡಿದು, ದಾಸೋಹ ಮಾಡಿ, ಮೇಲೆ ಮಾತನ್ನೂ ಕಟ್ಟಿದರು. ಬಸವಯ್ಯ ತನ್ನ ಬಾಚಿಯಿಂದ ಏನೇನು ಕೆತ್ತಿದನೋ, ಅದೊಂದೂ ನಮ್ಮ ಕೈಗೆ ಸಿಕ್ಕಿಲ್ಲ. ಅವನ ವಚನ ಸಿಕ್ಕಿದೆ. ಶೇಕರರ ವಿಷಯದಲ್ಲಿ ಇದು ತಿರುಗುಮುರುಗು: ಅವರ ಉಪದೇಶ ಓದಿದವರು ಎಷ್ಟು ಜನವೋ, ಮೇಜಂತೂ ಎಲ್ಲರೂ ಕಂಡದ್ದೇ.

ಕೊನೆಗೆ ಉಳಿಯುವುದು ಹಲಗೆ ಕೂರಿಸುವ ಕೆಲಸ. ಇಲ್ಲೂ ಅತಿಯಾಗಬಾರದು. ಬೆಂಗಳೂರಿನ ಮಾರ್ಚ್-ಏಪ್ರಿಲ್ ಒಣಹವೆಯಲ್ಲಿ ಮರ ಕುಗ್ಗುತ್ತದೆ, ಆಗಸ್ಟಿನ ತೇವಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಏನೂ ಆಗದು, ಅಗಲಕ್ಕೆ ಆಗುತ್ತದೆ. ಒಂದೂವರೆ ಅಡಿಯ ತೇಗದ ಹಲಗೆ ಎರಡು-ಮೂರು ಮಿಲಿಮೀಟರ್ ಆಚೆ-ಈಚೆ ಆಗಬಹುದು. ಅಂಟು ಹಾಕಿ, ಸ್ಕ್ರೂ ಬಿಗಿದು ಬಂಧಿಸಿದರೆ ಒಂದಲ್ಲ ಒಂದು ದಿನ ಸೀಳುತ್ತದೆ. ಅದಕ್ಕೇ ಪಟ್ಟಿಯ ಒಳಮೈಯಲ್ಲಿ ಕಿರಿದಾದ ತೋಡು ಕೊರೆದು, ಮರದ ಸಣ್ಣ ಗುಂಡಿಗಳ ಮೂತಿಯನ್ನು ಅದರೊಳಗೆ ತೂರಿಸಿ, ಗುಂಡಿಯನ್ನು ಮಾತ್ರ ಹಲಗೆಗೆ ಸ್ಕ್ರೂ ಮಾಡುವುದು. ಹಲಗೆ ಮೇಲಕ್ಕೇಳುವಂತಿಲ್ಲ, ಪಕ್ಕಕ್ಕೆ ಸರಿದಾಡಲು ಅಡ್ಡಿಯಿಲ್ಲ. ಬಗ್ಗಿ ನೋಡದವರಿಗೆ ಇದರ ಸುಳಿವೂ ಸಿಗುವುದಿಲ್ಲ.

ಮುಗಿದ ಒಂದು ಮೇಜನ್ನು ಆಚಾರ್ರು ಮಗುಚಿ ಹಾಕಿ, ಗುಂಡಿಗಳನ್ನು ಬೆರಳಿಂದ ಒತ್ತಿ ನೋಡಿದರು. "ಚೆನ್ನಾಗೈತೆ ಸಾರ್. ಇದನ್ನೇ ನಾನ್ ಮಾಡ್ಕೊಟ್ರೆ ಪಾರ್ಟಿ ಏನಂತಾರೆ? ಇದ್ರಲ್ಲಿ ಕೆಲ್ಸ ಏನೈತೆ ಅಂತಾರೆ, ಅರ್ಧ ದುಡ್ಡು ಕೊಡ್ತಾರೆ." ನಾನು ಸುಮ್ಮನಾದೆ. ನನ್ನ ಅಕ್ಕಿಗೆ ಪಿಂಚಣಿ ಇದೆ. ಒಂದು ಕೀಲಿಗೆ ಇಡೀ ಬೆಳಗು ಕೊಟ್ಟರೂ ಕೇಳುವವರಿಲ್ಲ. ಆಯ್ದ ಅಕ್ಕಿಯಲ್ಲಿ ಉಣ್ಣುತ್ತಿದ್ದ ಲಕ್ಕಮ್ಮ ಸಾಕು ಅಂದದ್ದನ್ನೂ ನಾನು ಶೆಡ್ಡಿನಲ್ಲಿ ಕೂತು ಸಾಕು ಅನ್ನುವುದನ್ನೂ ಒಂದೇ ತಕ್ಕಡಿಗೆ ಹಾಕಲು ಸಂಕೋಚವಾಗುತ್ತದೆ. ಶೇಕರರೂ ಕುರ್ಚಿ ಮಾರಿ ಬದುಕಿದವರೇ, ಹೊರಗಿನ ಗಿರಾಕಿಯನ್ನು ನೆಚ್ಚಿದವರೇ.

"ಹೋಗಲಿ, ನಿಮ್ಮ ಮನೆಗಾದರೂ ಒಂದು ಮಾಡ್ಕೊಳ್ಳಿ ಆಚಾರ್ರೇ" ಅಂದೆ.

"ನಮ್ಮನೇಲಿ ಊಟ, ಮಕ್ಕಳ ಓದು ಎಲ್ಲಾ ನೆಲದ ಮೇಲೇ ಸಾರ್. ಮೇಜಿಡಕ್ಕೆ ಜಾಗ ಎಲ್ಲೈತೆ?"