ಕಮ್ಮಾರನ ಮಗ

ನಮ್ಮ ಮನೆಯ ಈಳಿಗೆಮಣೆಗೆ ನನಗಿಂತ ಹೆಚ್ಚು ವಯಸ್ಸು. ಮಣೆ ಎರಡು ಸಲ ಬದಲಾಗಿದೆ. ಅಲಗು ಮಾತ್ರ ಅಜ್ಜಿಯ ಕಾಲದ್ದೇ. ಸವೆದು ಸವೆದು ಅಷ್ಟಮಿಯ ಚಂದ್ರ ಈಗ ಬಿದಿಗೆಯ ಚಂದ್ರನಾಗಿದೆ. ವರ್ಷಕ್ಕೆರಡು ಬಾರಿ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು, ಕಂಟೋನ್ಮೆಂಟಿನ ನಮ್ಮ ಮನೆಯಿಂದ ಕೌಲ್ ಬಜಾರಿನ ಕಡೆಗಿರುವ ಕುಲುಮೆಯೊಂದಕ್ಕೆ ಒಯ್ದು, ಹಣಿಸಿ, ಸಾಣೆ ಹಿಡಿಸಿ ತರುವುದು ನನ್ನ ಪಾಲಿನ ಗೃಹಕೃತ್ಯ. ಕಾಲೇಜಿನಲ್ಲಿ ಕನ್ನಡ ಕಲಿಸುವವನನ್ನು ನಂಬಿ ಮನೆಯವರು ವಹಿಸುವ ಕೆಲಸಗಳು ಹೆಚ್ಚಿಲ್ಲವಾದ್ದರಿಂದ ಇದೊಂದನ್ನು ನಾನು ನಿಷ್ಠೆಯಿಂದ ಮಾಡುತ್ತ ಬಂದಿದ್ದೇನೆ.

ಹೋದ ಸಲ ಯಜಮಾನರು ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತ, "ಬರೋ ಯುಗಾದಿಗೆ ಕುಲುಮಿ ಮುಚ್ತೀನ್ರೀ ಸಾರ್" ಎಂದರು.

ಅವರ ಮನೆತನದ ಕಥೆಯನ್ನು ನಾನು ಕಂತುಕಂತಾಗಿ ಕೇಳಿದ್ದೇನೆ. ಮುತ್ತಜ್ಜ ಕುರುಗೋಡು ಸೀಮೆಯ ಹಳ್ಳಿಯೊಂದರ ಆಯಗಾರ. ವರ್ಷವೆಲ್ಲ ಊರಿನ ಕುಳ, ಕುಡಗೋಲುಗಳನ್ನು ಹಣಿದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದವನು. ಅಜ್ಜ ಊರು ಬಿಟ್ಟು ಬಳ್ಳಾರಿಗೆ ಬಂದ. ತಂದೆಯ ಕಾಲಕ್ಕೆ ಟ್ರಾಕ್ಟರು ನೇಗಿಲ ಕುಳವನ್ನು ನುಂಗಿಹಾಕಿತ್ತು. ಉಳಿದದ್ದು ಅಡಿಗೆಮನೆಯ ಅಲಗು ಮಾತ್ರ. ಖಾನಾವಳಿಗಳಿಗೆ ಚಾಕು, ಕಸಾಯಿ ಅಂಗಡಿಗಳಿಗೆ ಮಚ್ಚು, ನಮ್ಮಂಥವರಿಗೆ ಈಳಿಗೆ. ಹಳೆಯ ಲಾರಿಗಳ ಕಮಾನುಪಟ್ಟಿಯನ್ನು ತುಂಡರಿಸಿ, ಕೆಂಪಗೆ ಕಾಸಿ, ಅಡಿಗಲ್ಲಿನ ಮೇಲೆ ಬಡಿದು ತೆಳುವಾಗಿಸಿ, ನೀರು ಕುಡಿಸುವುದು ದಾರಿಹೋಕರಿಗೂ ಕಾಣುವ ಕೆಲಸ. ಕಾಣದಿರುವುದು ಅದರ ಮುಂದಿನದು. ಹಾಗೆ ನೀರು ಕುಡಿದ ಉಕ್ಕು ಗಾಜಿನಂತೆ ಪೆಡಸು. ಕೈಜಾರಿ ಬಿದ್ದರೆ ಎರಡು ತುಂಡು. ಅದನ್ನು ಮತ್ತೆ ಮೆಲ್ಲಗೆ ಬಿಸಿಮಾಡಬೇಕು. ಉಜ್ಜಿ ಬೆಳ್ಳಗಾದ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, ನೀಲಿ, ಹೀಗೆ ಬಣ್ಣಗಳು ಒಂದರ ಬೆನ್ನಿಗೊಂದು ಓಡುತ್ತವೆ. ಹಳದಿ ಕಂದಿಗೆ ತಿರುಗುವ ಗಳಿಗೆಯಲ್ಲಿ ಚಾಕುವನ್ನು ಬೆಂಕಿಯಿಂದ ತೆಗೆಯಬೇಕು. ನೀಲಿಯಾಗುವವರೆಗೆ ಬಿಟ್ಟರೆ ಬಾಯಿ ಮೆತ್ತಗಾಯಿತೆಂದೇ ಲೆಕ್ಕ. ಪುಸ್ತಕದಲ್ಲಿ ಇದಕ್ಕೆ ಇಂತಿಷ್ಟು ಡಿಗ್ರಿ ಎಂದು ಬರೆದಿರುತ್ತದೆ. ಯಜಮಾನರಿಗೆ ಅದು ಎಂಟನೆಯ ವಯಸ್ಸಿನಲ್ಲಿ, ತಿದಿಯ ಬದಿಗೆ ಕೂತು, ಕಣ್ಣಿಗೆ ಬಂದದ್ದು.

ಮುಚ್ಚುತ್ತೇನೆಂದು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟವಾದಾಗ ಮೇಷ್ಟರು ಭಾಷಣ ಮಾಡುತ್ತಾರೆ. ನಾಲ್ಕು ತಲೆಮಾರಿನ ವಿದ್ಯೆ ಹೀಗೆ ನಿಂತುಹೋಗಬಾರದು, ಮಗನಿಗೆ ಬುದ್ಧಿ ಹೇಳಿ, ಇದು ನಾಡಿನ ಆಸ್ತಿ ಎಂದೆಲ್ಲ ಹೇಳಿದೆ. ಮಗ ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದಾನೆ. ಕುಲುಮೆಯ ಶಾಖವನ್ನು ಗಾಜಿನ ಕೋಣೆಯಲ್ಲಿ ಕೂತು ಪರದೆಯ ಮೇಲೆ ನೋಡುವ ಕೆಲಸ. ಯಜಮಾನರು ಕೊನೆಯವರೆಗೆ ಕೇಳಿ, "ನಿಮ್ಮಜ್ಜಾರು ಕರ್ಣಕಿ ಮಾಡ್ತಿದ್ರಂತ ನೀವಽ ಹೇಳಿದ್ರಿ. ನೀವ್ಯಾಕ ಅದನ್ನ ಮಾಡ್ಲಿಲ್ರೀ?" ಎಂದರು.

"ಕಾನೂನು ಬಂದು ಹೋಯಿತಲ್ಲ ಯಜಮಾನರೇ" ಎಂದೆ.

"ಬರದಿದ್ರ ಮಾಡ್ತಿದ್ರೇನ್ರೀ?"

ಈ ಪ್ರಶ್ನೆ ನನ್ನ ಹಿಂದೆಯೇ ಮನೆಗೆ ಬಂತು. ನಮ್ಮಜ್ಜ ಸಿರುಗುಪ್ಪದ ಕಡೆಯ ಹಳ್ಳಿಯೊಂದರ ಕರ್ಣಿಕ. ಊರಿನ ಹೊಲಗಳ ಲೆಕ್ಕ ತಂದೆಯಿಂದ ಮಗನಿಗೆ, ಅದೇ ಮನೆಯಲ್ಲಿ, ಅದೇ ಪೆಟ್ಟಿಗೆಯಲ್ಲಿ ಇಳಿದು ಬರುತ್ತಿತ್ತು. 1961ರಲ್ಲಿ ಮೈಸೂರು ರಾಜ್ಯ ಇಂಥ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಲು ಕಾನೂನು ಮಾಡಿತು. ಪರಂಪರೆ ಅಳಿಯಿತೆಂದು ಯಾರೂ ಪತ್ರಿಕೆಗೆ ಬರೆದಂತಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಊರಿನವರ ನೆಲದ ಗುಟ್ಟು ಒಂದೇ ಮನೆಯಲ್ಲಿರುವುದು ಸರಿಯಲ್ಲ. ನಮ್ಮ ತಂದೆ ಪಟ್ಟಣ ಸೇರಿದರು, ನೌಕರಿ ಹಿಡಿದರು. ನಾವು ಅದನ್ನು ಮುಂದಕ್ಕೆ ಬಂದದ್ದು ಎನ್ನುತ್ತೇವೆ. ಅದೇ ಹೆಜ್ಜೆಯನ್ನು ಕಮ್ಮಾರನ ಮಗ ಇಟ್ಟರೆ ನನ್ನ ಬಾಯಲ್ಲಿ ಅದು ಪರಂಪರೆಯ ನಾಶ! ಒಂದೇ ನಡೆಗೆ ನನ್ನ ಬಳಿ ಎರಡು ಕೊಳಗಗಳಿದ್ದುವೆಂಬುದು ನಲವತ್ತು ದಾಟಿದ ಮೇಲೆ ತಿಳಿಯಿತು. ಕಬ್ಬಿಣ ಕಾಸಿದ್ದರಿಂದ ಒಬ್ಬ ಕಮ್ಮಾರನಾದನೇ ಹೊರತು ಹುಟ್ಟಿನಿಂದಲ್ಲವೆಂದು ಬಸವಣ್ಣ ಹೇಳಿ ಎಂಟುನೂರು ವರ್ಷಗಳಾದವು. ಆ ವಚನವನ್ನು ನಾನು ವರ್ಷವರ್ಷವೂ ಪಾಠ ಹೇಳುತ್ತೇನೆ, ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕ ಇಡುತ್ತೇನೆ.

ಇಷ್ಟಾದರೂ ಕುಲುಮೆ ಮುಚ್ಚಿದರೆ ನಷ್ಟವಿಲ್ಲವೆಂದು ಹೇಳಲು ನನ್ನಿಂದಾಗದು. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ, ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಜನ ಕಲ್ಲಿನ ಕೊಡಲಿಗಳನ್ನು ಮಾಡಿ ಮಸೆಯುತ್ತಿದ್ದ ಜಾಡುಗಳು ಬಂಡೆಯ ಮೇಲೆ ಇಂದಿಗೂ ಇವೆ. ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಅವರು ಆ ತೋಡುಗಳಲ್ಲಿ ಬೆರಳಾಡಿಸುತ್ತಾರೆ. ಕಲ್ಲು ನುಣುಪಾಗಿದೆ; ಅದನ್ನು ನುಣುಪು ಮಾಡಿದ ಕೈಯ ವಿಚಾರವನ್ನು ಹೇಳುವುದಿಲ್ಲ.

ಉಕ್ಕಿನ ಕಥೆ ಇದಕ್ಕಿಂತ ಹತ್ತಿರದ್ದು. ನಮ್ಮ ಕಡೆಯ ಕುಶಲಿಗಳು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಚೂರುಗಳನ್ನೂ ತಂಗಡಿಯ ಕಟ್ಟಿಗೆಯನ್ನೂ ತುಂಬಿ, ಬಾಯಿ ಮೆತ್ತಿ, ತಾಸುಗಟ್ಟಲೆ ಊದಿ ಉಕ್ಕು ಇಳಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಇದನ್ನು ಕಣ್ಣಾರೆ ಕಂಡು ಬರೆದಿಟ್ಟ. ಅದಕ್ಕೂ ಮುಂಚೆ ಮುಂಬಯಿಯಿಂದ ಲಂಡನ್ನಿಗೆ ಹೋದ ಇಂಥ ಉಕ್ಕಿನ ವಿಚಾರವಾಗಿ 1795ರಲ್ಲಿ ಪಿಯರ್ಸನ್ ರಾಯಲ್ ಸೊಸೈಟಿಗೆ ಪ್ರಬಂಧವೊಂದನ್ನು ಒಪ್ಪಿಸಿದ. ಅದರಲ್ಲಿ ಬರುವ ‘ವೂಟ್ಸ್’ ಎಂಬ ಶಬ್ದ ನಮ್ಮ ‘ಉಕ್ಕು’ ಕೆಟ್ಟು ಆದದ್ದೆಂದು ವಿದ್ವಾಂಸರು ಹೇಳುತ್ತಾರೆ. ಆ ಉಕ್ಕಿನಿಂದ ಚಿಕ್ಕದೊಂದು ಚಾಕು ಮಾಡಿಕೊಟ್ಟವನು ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕುಗಾರ. ಇಪ್ಪತ್ತೈದು ವರ್ಷಗಳ ತರುವಾಯ ಅದೇ ಸ್ಟೊಡಾರ್ಟ್ ಜೊತೆಗೂಡಿ ನಮ್ಮ ಉಕ್ಕಿನ ಮರ್ಮ ಹುಡುಕುತ್ತ ಹೊಸ ಬೆರಕೆಗಳನ್ನು ಮಾಡಿನೋಡಿದವನು ಮೈಕೆಲ್ ಫ್ಯಾರಡೆ.

ಫ್ಯಾರಡೆ ಕಮ್ಮಾರನ ಮಗ. ತಂದೆಯ ಕುಲುಮೆಗೆ ಕೂರದೆ ಪುಸ್ತಕ ಕಟ್ಟುವವನ ಬಳಿ ಶಿಷ್ಯವೃತ್ತಿಗೆ ಹೋದವನು. ಹೋದದ್ದರಿಂದ ಜಗತ್ತು ಕೆಡಲಿಲ್ಲ. ಅವನು ಬೇರೆ ದಾರಿಯಿಂದ, ತನ್ನ ಇಚ್ಛೆಯಿಂದ, ಮತ್ತೆ ಉಕ್ಕಿನ ಬಳಿಗೆ ಬಂದ. ಆದರೆ ಅವನ ಮೇಜಿನ ಮೇಲಿದ್ದ ಆ ಉಕ್ಕನ್ನು ಇಳಿಸಿದವನ ಹೆಸರು ಯಾವ ಪ್ರಬಂಧದಲ್ಲಿಯೂ ಇಲ್ಲ. ಅವನ ಮಗನಿಗೆ ಪುಸ್ತಕದಂಗಡಿಯ ದಾರಿಯೂ ಇರಲಿಲ್ಲ, ಪ್ರಯೋಗಶಾಲೆಯ ದಾರಿಯೂ ಇರಲಿಲ್ಲ, ಮೂಸೆಯೊಂದೇ ಇತ್ತು. ಮೂಸೆ ಆರಿದ ಮೇಲೆ ಅದೂ ಇಲ್ಲ.

ಆದಕಾರಣ ನನಗನ್ನಿಸುವುದು ಇಷ್ಟು: ವಿದ್ಯೆ ಉಳಿಯಬೇಕಾದ್ದು ನಿಜವಾದರೆ ಅದನ್ನು ಉಳಿಸುವ ಸಾಲ ಆ ಒಬ್ಬ ಹುಡುಗನ ತಲೆಯ ಮೇಲೆಯೇ ಏಕೆ? ಅಲಗಿನ ಸುಖ ಉಂಡವರು ನಾವೆಲ್ಲರೂ. ಮೂವತ್ತು ವರ್ಷ ಬಾಳುವ ಚಾಕುವಿಗೆ ಯಜಮಾನರು ಹೇಳಿದ ಬೆಲೆಯಲ್ಲಿ ಐವತ್ತು ರೂಪಾಯಿ ಇಳಿಸಿ, ಅದನ್ನು ಜಾಣತನವೆಂದು ಮನೆಯಲ್ಲಿ ಹೇಳಿಕೊಂಡವನು ನಾನೇ. ಮರುವರ್ಷ ಮಿರುಗುವ ಸ್ಟೀಲಿನ ಚಾಕುಗಳ ಪೆಟ್ಟಿಗೆಯನ್ನು, ಬರೆದಷ್ಟೇ ಬೆಲೆಗೆ, ತುಟಿಪಿಟಕ್ಕೆನ್ನದೆ ತಂದವನೂ ನಾನೇ. ಮಗ ಕುಲುಮೆ ಬಿಟ್ಟದ್ದಕ್ಕೆ ಸಂಬಳವೊಂದೇ ಕಾರಣವಲ್ಲ. ತಂದೆಯನ್ನು ಏಕವಚನದಲ್ಲಿ ಕರೆಯುವ ಗಿರಾಕಿಗಳನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ಕಾರ್ಖಾನೆಯಲ್ಲಿಯೂ ಅವನು ಕಬ್ಬಿಣವನ್ನೇ ಕಾಸುತ್ತಾನೆ. ಅಲ್ಲಿ ಅವನಿಗೆ ‘ಸಾರ್’ ಎನ್ನುವವರಿದ್ದಾರೆ.

ವಾರದ ಮೇಲೆ ಅಲಗು ತರಲು ಹೋದಾಗ ನನ್ನ ಭಾಷಣಕ್ಕಾಗಿ ಕ್ಷಮೆ ಕೇಳುವ ಮನಸ್ಸಿತ್ತು. ಯಜಮಾನರು ಅವಕಾಶ ಕೊಡಲಿಲ್ಲ. ಹೆಬ್ಬೆರಳ ಉಗುರಿನ ಮೇಲೆ ಅಲಗಿನ ಬಾಯಿ ಆನಿಸಿ ಪರೀಕ್ಷಿಸುತ್ತ, "ನನ್ ಮಗನ ಸುದ್ದಿ ಬಿಡ್ರೀ ಸಾರ್. ನಿಮ್ ಹುಡುಗನ್ನ ಕಳಸ್ರಿ. ಯುಗಾದಿ ಮಟ ದಿನಾ ಒಂದ್ ತಾಸು ಬರ್ಲಿ, ಬಣ್ಣ ನೋಡಾದು ಕಲಸ್ತೀನಿ" ಎಂದರು. ತಮಾಷೆಯೇನೋ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ರಾತ್ರಿ ಊಟದ ಹೊತ್ತಿನಲ್ಲಿ ಇದನ್ನು ಹೇಳಿದೆ. ಹೆಂಡತಿ ನಕ್ಕಳು. ಎರಡನೆಯ ಪಿಯುಸಿ ವಿಜ್ಞಾನ ಓದುತ್ತಿರುವ ಮಗ ಮಾತ್ರ ತಟ್ಟೆಯಿಂದ ತಲೆಯೆತ್ತಿ, "ಯಾವಾಗಿಂದ ಹೋಗ್ಲಿ ಅಪ್ಪಾ?" ಎಂದ.

"ಪರೀಕ್ಷೆಗಳೆಲ್ಲ ಮುಗಿಯಲಿ ತಡಿ" ಎಂದೆ. ಅವನ ಪರೀಕ್ಷೆಗಳೆಲ್ಲ ಮುಗಿಯುವುದು ಯುಗಾದಿಯ ಆಚೆಗೆ.